ಸರಾಸರಿ ಅರವತ್ತು ಇದ್ದರೂ ಆಟ ತೊದಲುವುದೇಕೆ?

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಒಂದು ರಾತ್ರಿ ಎರಡು ಚಿತ್ರ ಕಳಿಸಿದ. ಎರಡೂ ಕಂಪ್ಯೂಟರ್ ಆಟಗಳ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡಿನ ವಿಮರ್ಶೆಗಳಿಂದ ಕತ್ತರಿಸಿಕೊಂಡ ಪಟ್ಟಿಗಳು. ಅದೇ ಕಾರ್ಡ್, ಅದೇ ಆಟ, ಪರದೆಯ ಚುಕ್ಕಿಗಳ ಎಣಿಕೆ ಅದೇ 1080ಪಿ, ಚಿತ್ರದ ಗುಣಮಟ್ಟಕ್ಕೆ ಅದೇ ಅಲ್ಟ್ರಾ ಸೆಟ್ಟಿಂಗ್. ಒಂದರಲ್ಲಿ ಸೆಕೆಂಡಿಗೆ 112 ಫ್ರೇಮ್ ಎಂದಿತ್ತು, ಇನ್ನೊಂದರಲ್ಲಿ 94. ಕೆಳಗೆ ಒಂದೇ ಸಾಲು: "ಮಾಮ, ಇವರಿಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು?"

ಇಬ್ಬರೂ ಅಲ್ಲ ಎಂದು ಬರೆದೆ. ಅವನಿಗೆ ಸಮಾಧಾನವಾಗಲಿಲ್ಲ. ಕೂಡಿಟ್ಟ ದುಡ್ಡೆಲ್ಲ ಒಂದು ಕಾರ್ಡಿಗೆ ಹೋಗುವ ಹೊತ್ತಿನಲ್ಲಿ ಹದಿನೆಂಟು ಫ್ರೇಮುಗಳ ವ್ಯತ್ಯಾಸಕ್ಕೆ ಲೆಕ್ಕ ಕೇಳುವುದು ತಪ್ಪೇನಲ್ಲ. ಆ ಲೆಕ್ಕವನ್ನು ಫೋನಿನಲ್ಲಿ ಒಪ್ಪಿಸಲು ಹೋಗಿ ಸೋತೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಫ್ರೇಮ್ ಎಂದರೇನು ಎಂಬುದನ್ನು ಮುಗಿಸಿಬಿಡೋಣ. ಆಟವು ಸಿನಿಮಾದ ಹಾಗೆ ಮೊದಲೇ ಚಿತ್ರೀಕರಿಸಿಟ್ಟದ್ದಲ್ಲ. ನೀವು ಮೌಸ್ ಅಲುಗಿಸಿದಂತೆಲ್ಲ ಯಂತ್ರ ಆ ಕ್ಷಣಕ್ಕೆ ಬೇಕಾದ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ಹಾಗೆ ಬರೆದ ಒಂದೊಂದು ಚಿತ್ರವೂ ಒಂದು ಫ್ರೇಮ್. ಒಂದು ಸೆಕೆಂಡಿನಲ್ಲಿ ಎಷ್ಟು ಚಿತ್ರ ಬಂದವು ಎಂಬುದೇ ಎಲ್ಲರ ಬಾಯಲ್ಲಿರುವ ಎಫ್‌ಪಿಎಸ್. ಇದನ್ನು ತಿರುಗಿಸಿ ಒಂದು ಚಿತ್ರಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದರೆ ಸಿಗುವುದು ಫ್ರೇಮ್ ಸಮಯ. ಸೆಕೆಂಡಿಗೆ 60 ಎಂದರೆ ಚಿತ್ರವೊಂದಕ್ಕೆ 16.7 ಮಿಲಿಸೆಕೆಂಡ್, 30 ಎಂದರೆ 33.3, 120 ಎಂದರೆ 8.3, 144 ಎಂದರೆ 6.9. ಈ ತಿರುಗುಮುರುಗು ಲೆಕ್ಕವೇ ಒಂದು ಗುಟ್ಟನ್ನು ಬಿಟ್ಟುಕೊಡುತ್ತದೆ. ಮೂವತ್ತರಿಂದ ಅರವತ್ತಕ್ಕೆ ಏರಿದಾಗ ಪ್ರತಿ ಚಿತ್ರದಲ್ಲೂ ಹದಿನಾರು ಚಿಲ್ಲರೆ ಮಿಲಿಸೆಕೆಂಡ್ ಉಳಿಯುತ್ತದೆ. ನೂರಾಇಪ್ಪತ್ತರಿಂದ ನೂರಾನಲವತ್ತನಾಲ್ಕಕ್ಕೆ ಏರಿದರೆ ಉಳಿಯುವುದು ಒಂದೂವರೆಗೂ ಕಡಿಮೆ. ಪಟ್ಟಿಯಲ್ಲಿ ಎರಡೂ ಏರಿಕೆಗಳು ಉದ್ದುದ್ದನೆಯ ಗೆರೆಗಳಾಗಿಯೇ ಕಾಣುತ್ತವೆ. ಕೈಗೆ ಮಾತ್ರ ಮೊದಲನೆಯದು ಹಬ್ಬ, ಎರಡನೆಯದು ವದಂತಿ.

ಈಗ ಒಂದು ಸೆಕೆಂಡನ್ನು ಬಿಡಿಸಿ ನೋಡಿ. ಒಂದು ಯಂತ್ರ ಅರವತ್ತು ಚಿತ್ರಗಳನ್ನೂ ತಲಾ 16.7 ಮಿಲಿಸೆಕೆಂಡಿನಂತೆ ಕೊಟ್ಟಿತು ಎಂದುಕೊಳ್ಳಿ. ಇನ್ನೊಂದು ಯಂತ್ರ ಐವತ್ತೊಂಬತ್ತು ಚಿತ್ರಗಳನ್ನು ತಲಾ 13.5ರಲ್ಲಿ ಮುಗಿಸಿ, ಕೊನೆಯ ಒಂದಕ್ಕೆ 203.5 ಮಿಲಿಸೆಕೆಂಡ್ ತೆಗೆದುಕೊಂಡಿತು. ಕೂಡಿ ನೋಡಿದರೆ ಎರಡೂ ಸರಿಯಾಗಿ ಒಂದು ಸೆಕೆಂಡ್, ಎರಡರಲ್ಲೂ ಅರವತ್ತು ಫ್ರೇಮ್. ಎರಡನೆಯದರಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಪರದೆ ಕಲ್ಲಾಗಿ ನಿಂತಿತ್ತು. ಅಷ್ಟರಲ್ಲಿ ಎದುರಾಳಿ ನಿಮ್ಮ ತಲೆಗೆ ಗುರಿಯಿಟ್ಟು ಗುಂಡು ಹಾರಿಸಿ ಮುಂದಿನ ಗೋಡೆಯ ಮರೆಗೆ ಹೋಗಿರುತ್ತಾನೆ.

ಮೃದಂಗ ಕಲಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದಿತಾಳದ ಒಂದು ಆವರ್ತಕ್ಕೆ ಎಂಟು ಏಟು. ಏಳನ್ನು ಅವಸರದಲ್ಲಿ ಹೊಡೆದು, ಎಂಟನೆಯದಕ್ಕೆ ಕೈ ಮೇಲೆತ್ತಿ ಹಿಡಿದುಕೊಂಡು ಕುಳಿತು, ಸಮಕ್ಕೆ ಸರಿಯಾಗಿ ಬಂದು ಸೇರಿಕೊಂಡರೆ ಎಣಿಕೆ ಸರಿಯಾಯಿತು, ತಾಳ ಕೆಟ್ಟಿತು. ಸರಾಸರಿ ಎಂಬುದು ಎಣಿಕೆಯನ್ನು ನೋಡುತ್ತದೆ, ನಡೆಯನ್ನು ನೋಡುವುದಿಲ್ಲ.

ಹಾಗಿದ್ದರೂ ವರ್ಷಗಟ್ಟಲೆ ವಿಮರ್ಶಕರು ಸರಾಸರಿಯನ್ನೇ ಬರೆದರು. ಅದಕ್ಕೆ ಕಾರಣ ಸೋಮಾರಿತನಕ್ಕಿಂತ ಸಲಕರಣೆ. 1996ರಲ್ಲಿ ಬಂದ ಕ್ವೇಕ್ ಆಟದಲ್ಲಿ ಟೈಮ್‌ಡೆಮೊ ಎಂಬ ಆಜ್ಞೆಯಿತ್ತು. ಮೊದಲೇ ದಾಖಲಿಸಿಟ್ಟ ಆಟವೊಂದನ್ನು (ಡೆಮೊ) ಅದು ಯಂತ್ರದ ಶಕ್ತಿಯಿದ್ದಷ್ಟು ವೇಗದಲ್ಲಿ ಓಡಿಸಿ, ಕೊನೆಗೆ ಇಷ್ಟು ಫ್ರೇಮ್, ಇಷ್ಟು ಸೆಕೆಂಡ್, ಸೆಕೆಂಡಿಗೆ ಇಷ್ಟು ಎಂದು ಮೂರು ಅಂಕಿ ಕೊಡುತ್ತಿತ್ತು. ಮೊದಲ ಡೆಮೊದಲ್ಲಿದ್ದದ್ದು 969 ಫ್ರೇಮ್. ಆ ಕಾಲದಲ್ಲಿ ಕಾರ್ಡುಗಳನ್ನು ಪರೀಕ್ಷಿಸುತ್ತಿದ್ದವರಿಗೆ ಅದು ಮನೆಯ ಬಾಗಿಲಿನ ಸಂಖ್ಯೆಯಷ್ಟು ಪರಿಚಿತ. 1999ರಲ್ಲಿ ಫ್ರ್ಯಾಪ್ಸ್ ಬಂತು. ಪರದೆಯ ಮೂಲೆಯಲ್ಲಿ ಹಳದಿ ಅಂಕಿ ತೋರಿಸುತ್ತಿದ್ದ ಈ ಪುಟ್ಟ ತಂತ್ರಾಂಶದಿಂದ ಯಾವ ಆಟವನ್ನು ಬೇಕಾದರೂ ಅಳೆಯುವುದು ಸಾಧ್ಯವಾಯಿತು. ಪ್ರತಿ ಫ್ರೇಮಿನ ಸಮಯವನ್ನೂ ಕಡತದಲ್ಲಿ ಬರೆದಿಡುವ ಸೌಲಭ್ಯ ಅದರಲ್ಲಿತ್ತು. ಹೆಚ್ಚಿನವರು ಆ ಕಡತವನ್ನು ತೆರೆಯುವ ಗೋಜಿಗೆ ಹೋಗಲಿಲ್ಲ.

ತೆರೆದು ನೋಡಿ ದೊಡ್ಡ ದನಿಯಲ್ಲಿ ಮಾತಾಡಿದವರು ಅಮೆರಿಕದ ಟೆಕ್ ರಿಪೋರ್ಟ್ ಜಾಲತಾಣದ ಸ್ಕಾಟ್ ವ್ಯಾಸನ್. ಸೆಕೆಂಡನ್ನು ಒಂದೇ ಗಂಟಾಗಿ ಎಣಿಸದೆ ಅದರ ಒಳಗೆ ಇಣುಕಬೇಕು ಎಂದು 2011ರ ಸೆಪ್ಟೆಂಬರಿನಲ್ಲಿ ಅವರು ಉದ್ದನೆಯ ಲೇಖನ ಬರೆದರು. ಸರಾಸರಿಯ ಪಕ್ಕದಲ್ಲಿ ಅವರು ಎರಡು ಹೊಸ ಪ್ರಶ್ನೆಗಳನ್ನಿಟ್ಟರು. ನೂರರಲ್ಲಿ ತೊಂಬತ್ತೊಂಬತ್ತು ಚಿತ್ರಗಳು ಎಷ್ಟು ಮಿಲಿಸೆಕೆಂಡಿನೊಳಗೆ ಬಂದವು? ಐವತ್ತು ಮಿಲಿಸೆಕೆಂಡ್ ದಾಟಿದ ಚಿತ್ರಗಳಲ್ಲಿ ಒಟ್ಟು ಎಷ್ಟು ಹೊತ್ತು ಹಾಳಾಯಿತು? ಎರಡನೆಯ ಪ್ರಶ್ನೆ ನನಗೆ ಬಹಳ ಇಷ್ಟ, ಏಕೆಂದರೆ ಅದು ಆಟಗಾರನ ಸಂಕಟವನ್ನೇ ನೇರವಾಗಿ ಅಳೆಯುತ್ತದೆ. ಜನಪ್ರಿಯವಾದದ್ದು ಮೊದಲನೆಯದರ ಮಕ್ಕಳು ಮೊಮ್ಮಕ್ಕಳು. ಇವತ್ತು ಯಾವ ವಿಮರ್ಶೆ ತೆರೆದರೂ ಸರಾಸರಿಯ ಕೆಳಗೆ ಚಿಕ್ಕ ಗೆರೆಯಾಗಿ ಕಾಣುವ "ಒನ್ ಪರ್ಸೆಂಟ್ ಲೋ" ಅದೇ ವಂಶದ್ದು.

ಇಲ್ಲೊಂದು ತಕರಾರಿದೆ. ಒನ್ ಪರ್ಸೆಂಟ್ ಲೋ ಎಂದರೆ ಏನು ಎಂಬುದರಲ್ಲಿಯೇ ಒಮ್ಮತವಿಲ್ಲ. ಒಂದು ನಿಮಿಷದ ಓಟ, 6000 ಫ್ರೇಮ್, ಅಂದರೆ ಸರಾಸರಿ ನೂರು ಎಂದು ಇಟ್ಟುಕೊಳ್ಳೋಣ. ಅದರಲ್ಲಿ ಅತ್ಯಂತ ನಿಧಾನದ ಅರವತ್ತು ಚಿತ್ರಗಳನ್ನು ಹೆಕ್ಕೋಣ. ಅದು ಶೇಕಡಾ ಒಂದು. ಅವುಗಳಲ್ಲಿ ಹತ್ತಕ್ಕೆ ತಲಾ 100 ಮಿಲಿಸೆಕೆಂಡ್, ಉಳಿದ ಐವತ್ತಕ್ಕೆ ತಲಾ 20 ಹಿಡಿದಿದೆ ಎನ್ನೋಣ. ಮೊದಲನೆಯ ವಿಮರ್ಶಕ ಸಾಲಿನಲ್ಲಿ ಅರವತ್ತನೆಯವನನ್ನು ಮಾತ್ರ ನೋಡುತ್ತಾನೆ: 20 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 50. ಎರಡನೆಯವನು ಆ ಅರವತ್ತರ ಸರಾಸರಿ ತೆಗೆಯುತ್ತಾನೆ: ಒಟ್ಟು 2000 ಮಿಲಿಸೆಕೆಂಡನ್ನು ಅರವತ್ತರಿಂದ ಭಾಗಿಸಿದರೆ 33.3, ಅಂದರೆ ಸೆಕೆಂಡಿಗೆ 30. ಮೂರನೆಯವನು ಚಿತ್ರಗಳನ್ನು ಎಣಿಸುವುದೇ ಇಲ್ಲ, ಹೊತ್ತನ್ನು ಎಣಿಸುತ್ತಾನೆ. ಒಂದು ನಿಮಿಷದ ಶೇಕಡಾ ಒಂದು ಎಂದರೆ 600 ಮಿಲಿಸೆಕೆಂಡ್. ನಿಧಾನದ ಕಡೆಯಿಂದ ಕೂಡಿಸುತ್ತ ಬಂದರೆ ಆರು ಚಿತ್ರಗಳಿಗೇ ಅಷ್ಟಾಯಿತು, ಆರನೆಯದರ ಸಮಯ 100. ಅಂದರೆ ಸೆಕೆಂಡಿಗೆ 10!

ಒಂದೇ ಕಡತ, ಒಂದೇ ಹೆಸರಿನ ಅಂಕಿ, ಉತ್ತರ 50, 30, 10. ಮೂವರೂ ಪ್ರಾಮಾಣಿಕರು. ಹಾಗಾಗಿ ಒಂದು ತಾಣದ ಒನ್ ಪರ್ಸೆಂಟ್ ಲೋವನ್ನು ಇನ್ನೊಂದು ತಾಣದ್ದರ ಪಕ್ಕದಲ್ಲಿಟ್ಟು ಹೋಲಿಸಬಾರದು. ಒಂದೇ ಪಟ್ಟಿಯೊಳಗಿನ ಎರಡು ಕಾರ್ಡುಗಳನ್ನು ಹೋಲಿಸಬಹುದು, ಅಷ್ಟೆ.

ಏನನ್ನು ಅಳೆಯಬೇಕು ಎಂಬುದರಷ್ಟೇ ಮುಖ್ಯ, ಎಲ್ಲಿ ನಿಂತು ಅಳೆಯಬೇಕು ಎಂಬುದು. ಫ್ರ್ಯಾಪ್ಸ್ ಅಳೆಯುತ್ತಿದ್ದದ್ದು ಆಟವು "ಈ ಚಿತ್ರ ತಯಾರು, ತೆಗೆದುಕೋ" ಎಂದು ವಿಂಡೋಸ್‌ಗೆ ಒಪ್ಪಿಸುವ ಕ್ಷಣವನ್ನು. ಅಲ್ಲಿಂದ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್, ಗ್ರಾಫಿಕ್ಸ್ ಕಾರ್ಡ್, ಕೇಬಲ್ ದಾಟಿ ಪರದೆ ಮುಟ್ಟುವವರೆಗೆ ಏನಾಯಿತು ಎಂಬುದು ಅದಕ್ಕೆ ಕಾಣುತ್ತಿರಲಿಲ್ಲ. ಡಿಪೋ ಬಿಟ್ಟ ಬಸ್ಸುಗಳನ್ನು ಎಣಿಸಿ, ನಿಲ್ದಾಣದಲ್ಲಿ ಕಾಯುತ್ತಿರುವವನಿಗೆ ಸೇವೆ ಚೆನ್ನಾಗಿದೆ ಎಂದು ಹೇಳಿದ ಹಾಗೆ. 2013ರ ಮಾರ್ಚಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಕಂಪನಿ ಎನ್‌ವಿಡಿಯಾ ಎಫ್‌ಕ್ಯಾಟ್ ಎಂಬ ವಿಧಾನವನ್ನು ಹೊರತಂದಿತು. ಉಪಾಯ ಸರಳ, ಸುಂದರ. ಆಟ ಕೊಡುವ ಪ್ರತಿ ಫ್ರೇಮಿನ ಎಡ ಅಂಚಿಗೂ ಒಂದು ಬಣ್ಣದ ಪಟ್ಟಿ ಬಳಿಯುವುದು; ಒಂದಕ್ಕೆ ಹಸಿರು, ಮುಂದಿನದಕ್ಕೆ ನೀಲಿ, ಹೀಗೆ ಗೊತ್ತುಪಡಿಸಿದ ಕ್ರಮದಲ್ಲಿ. ಮಾನಿಟರಿಗೆ ಹೋಗುವ ಸಂಕೇತವನ್ನೇ ಇನ್ನೊಂದು ಕಂಪ್ಯೂಟರಿನಲ್ಲಿ ದಾಖಲಿಸಿಕೊಂಡು, ಯಾವ ಬಣ್ಣ ಪರದೆಯ ಮೇಲೆ ಎಷ್ಟು ಗೆರೆಗಳಷ್ಟು ಎತ್ತರ ಉಳಿಯಿತು ಎಂದು ಎಣಿಸುವುದು.

ಹಾಗೆ ಎಣಿಸಿದಾಗ ಎರಡು ಎಎಂಡಿ ಕಾರ್ಡುಗಳನ್ನು ಜೋಡಿಸಿ ಓಡಿಸುವ ಕ್ರಾಸ್‌ಫೈರ್ ವ್ಯವಸ್ಥೆಯ ಬಣ್ಣ ಬಯಲಾಯಿತು, ಅಕ್ಷರಶಃ. ಫ್ರ್ಯಾಪ್ಸ್ ಲೆಕ್ಕದಲ್ಲಿ ಎರಡು ಕಾರ್ಡಿಗೆ ಹೆಚ್ಚುಕಡಿಮೆ ಎರಡರಷ್ಟು ಫ್ರೇಮ್. ಪರದೆಯಲ್ಲಿ ನೋಡಿದರೆ ಹಲವು ಆಟಗಳಲ್ಲಿ ಒಂದು ಅಗಲವಾದ ಪಟ್ಟಿ, ಅದರ ಕೆಳಗೆ ದಾರದೆಳೆಯಷ್ಟು ಇನ್ನೊಂದು ಬಣ್ಣ, ಮತ್ತೆ ಅಗಲವಾದದ್ದು. ಎರಡನೆಯ ಕಾರ್ಡ್ ಕೊಟ್ಟ ಚಿತ್ರ ಕೆಲವೇ ಗೆರೆಗಳಷ್ಟು ಕಾಣಿಸಿಕೊಂಡು ಅಳಿಸಿಹೋಗುತ್ತಿತ್ತು. ಎಣಿಕೆಗೆ ಅದೂ ಒಂದು ಫ್ರೇಮ್, ಕಣ್ಣಿಗೆ ಏನೂ ಅಲ್ಲ. ಪ್ರತಿಸ್ಪರ್ಧಿಯ ಹುಳುಕು ತೋರಿಸುವ ಉಪಕರಣವನ್ನು ಎನ್‌ವಿಡಿಯಾ ಧರ್ಮಕ್ಕೆ ಹಂಚಿತೆಂದು ಯಾರೂ ನಂಬಬೇಕಾಗಿಲ್ಲ. ಆದರೂ ಅಳತೆ ನಿಜವಾಗಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಎಎಂಡಿ ಚಿತ್ರಗಳ ನಡುವಿನ ಅಂತರವನ್ನು ಸಮಗೊಳಿಸುವ ಡ್ರೈವರ್ ಬಿಡುಗಡೆ ಮಾಡಿತು. ಎರಡು ಕಾರ್ಡ್ ಜೋಡಿಸುವ ಪದ್ಧತಿಯೇ ಈಗ ಆಟದ ಲೋಕದಿಂದ ಮರೆಯಾಗಿದೆ. ಅಳತೆಯ ಪಾಠ ಉಳಿದುಕೊಂಡಿತು. ಈಗ ಬಹುತೇಕರು ಬಳಸುವುದು ಇಂಟೆಲ್‌ನವರ ಪ್ರೆಸೆಂಟ್‌ಮಾನ್ ಅಥವಾ ಅದರ ಮೇಲೆ ಕಟ್ಟಿದ ಕ್ಯಾಪ್‌ಫ್ರೇಮ್‌ಎಕ್ಸ್, ಫ್ರೇಮ್‌ವ್ಯೂ ಮುಂತಾದವನ್ನು. ವಿಂಡೋಸ್ ತನ್ನೊಳಗೆ ಬರೆದುಕೊಳ್ಳುವ ದಿನಚರಿಯನ್ನು ಓದಿ, ಚಿತ್ರ ಯಾವಾಗ ಹೊರಟಿತು, ಯಾವಾಗ ಪರದೆಗೆ ಬಂತು ಎಂಬ ಎರಡನ್ನೂ ಇವು ಹೇಳಬಲ್ಲವು. ಉಚಿತವಾಗಿ ಸಿಗುತ್ತವೆ.

ಇಷ್ಟಾದರೂ 112 ಮತ್ತು 94ರ ಒಗಟು ಬಿಡಲಿಲ್ಲ. ಅದಕ್ಕೆ ಹೋಳಿಗೆಯ ಮನೆಗೆ ಹೋಗಬೇಕು.

ಯುಗಾದಿಯ ಬೆಳಗ್ಗೆ ಇಬ್ಬರು ಕೂತಿದ್ದಾರೆ. ಒಬ್ಬರು ಕಣಕದೊಳಗೆ ಹೂರಣ ತುಂಬಿ ಉಂಡೆ ಕಟ್ಟಿ ಕೊಡುತ್ತಾರೆ. ಇನ್ನೊಬ್ಬರು ಅದನ್ನು ತಟ್ಟಿ ಹೆಂಚಿನ ಮೇಲೆ ಬೇಯಿಸುತ್ತಾರೆ. ಉಂಡೆ ಕಟ್ಟುವವರು ಪ್ರೊಸೆಸರ್: ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಗುಲಿತು, ಈ ಚಿತ್ರದಲ್ಲಿ ಏನೇನು ಇರಬೇಕು ಎಂದು ತೀರ್ಮಾನಿಸುವ ಕೆಲಸ ಅದರದ್ದು. ತಟ್ಟಿ ಬೇಯಿಸುವವರು ಗ್ರಾಫಿಕ್ಸ್ ಕಾರ್ಡ್. ರೆಸಲ್ಯೂಷನ್, ಅಂದರೆ ಚಿತ್ರದ ಚುಕ್ಕಿಗಳ (ಪಿಕ್ಸೆಲ್) ಎಣಿಕೆ, ಹೆಚ್ಚಿಸುವುದೆಂದರೆ ಅದೇ ಉಂಡೆಯನ್ನು ಇನ್ನೂ ಅಗಲವಾಗಿ, ತೆಳ್ಳಗೆ ತಟ್ಟು ಎಂದ ಹಾಗೆ. 1080ಪಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 4ಕೆಯಲ್ಲಿ ಸುಮಾರು 83 ಲಕ್ಷ, ಸರಿಯಾಗಿ ನಾಲ್ಕು ಪಟ್ಟು. ಉಂಡೆ ಕಟ್ಟುವವರಿಗೆ ಇದರಿಂದ ಕೆಲಸ ಹೆಚ್ಚುವುದಿಲ್ಲ, ತಟ್ಟುವವರ ಬೆನ್ನು ಮುರಿಯುತ್ತದೆ. ಊಟಕ್ಕೆ ಕೂತವರ ಎಲೆಗೆ ಹೋಳಿಗೆ ಬೀಳುವ ವೇಗ ಇಬ್ಬರಲ್ಲಿ ಯಾರು ನಿಧಾನವೋ ಅವರದ್ದು.

ಪ್ರೊಸೆಸರ್ ವಿಮರ್ಶೆಗಳನ್ನು ಕಂಡರೆ ಕೆಲವು ಓದುಗರು ಸಿಡಿಮಿಡಿಗೊಳ್ಳುವುದಕ್ಕೆ ಕಾರಣ ಇಲ್ಲಿದೆ. "ಲಕ್ಷ ರೂಪಾಯಿ ದಾಟಿದ ಕಾರ್ಡ್ ಹಾಕಿಕೊಂಡು 1080ಪಿಯಲ್ಲಿ ಯಾರು ಆಡುತ್ತಾರೆ? 4ಕೆಯಲ್ಲಿ ಪರೀಕ್ಷಿಸಿ" ಎಂದು ಜಗಳ. 4ಕೆಯಲ್ಲಿ ಪರೀಕ್ಷಿಸಿದರೆ ಬಹುತೇಕ ಪ್ರೊಸೆಸರುಗಳು ಹೆಚ್ಚುಕಡಿಮೆ ಒಂದೇ ಅಂಕಿ ಕೊಡುತ್ತವೆ. ಹೆಂಚಿನ ಮುಂದಿರುವವರು ಸುಸ್ತಾಗಿರುವಾಗ ಉಂಡೆ ಕಟ್ಟುವವರ ಕೈಚಳಕ ಗೊತ್ತಾಗುವುದು ಹೇಗೆ? ಅವರ ವೇಗ ತಿಳಿಯಬೇಕಾದರೆ ಹೋಳಿಗೆ ಪುಟ್ಟದಾಗಿರಬೇಕು, ತಟ್ಟುವವರು ಊರಿಗೇ ಹೆಸರಾದವರಾಗಿರಬೇಕು. 2022ರ ಏಪ್ರಿಲಿನಲ್ಲಿ ಬಂದ ಎಎಂಡಿಯ ರೈಜನ್ 7 5800ಎಕ್ಸ್3ಡಿ ಪ್ರೊಸೆಸರಿನಲ್ಲಿ 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗೇ ಇರುವ ಅತಿವೇಗದ ಮೆಮೊರಿ) ಇತ್ತು. ಆಟಗಳಲ್ಲಿ ಅದರ ಹೆಚ್ಚುಗಾರಿಕೆ ಎದ್ದು ಕಂಡದ್ದು ಇಂಥ ಪರೀಕ್ಷೆಯಲ್ಲೇ. ಎರಡು ವರ್ಷದ ಮೇಲೆ ನೀವು ಕಾರ್ಡ್ ಬದಲಾಯಿಸಿದಾಗ ಹಳೆಯ ಪ್ರೊಸೆಸರ್ ಎಲ್ಲಿಯವರೆಗೆ ಎಳೆಯಬಲ್ಲದು ಎಂಬುದಕ್ಕೂ ಉತ್ತರ ಆ 1080ಪಿ ಪಟ್ಟಿಯಲ್ಲೇ ಇರುತ್ತದೆ.

ಇದೇ ಕಾರಣಕ್ಕೆ ಕಾರ್ಡಿನ ವಿಮರ್ಶೆ ಓದುವಾಗ ನಾನು ಮೊದಲು ನೋಡುವುದು ಪರೀಕ್ಷೆಗೆ ಬಳಸಿದ ಯಂತ್ರದ ವಿವರವನ್ನು. ಪ್ರೊಸೆಸರ್ ಯಾವುದು, ಮೆಮೊರಿ ಒಂದು ಕಡ್ಡಿಯೋ ಎರಡೋ, ಅದರ ವೇಗವನ್ನು ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ನಲ್ಲಿ ಚಾಲೂ ಮಾಡಿದ್ದಾರೋ ಇಲ್ಲವೋ, ಡ್ರೈವರಿನ ಆವೃತ್ತಿ ಯಾವುದು. ಈ ವಿವರವೇ ಇಲ್ಲದ ವಿಮರ್ಶೆಯನ್ನು ಮುಂದೆ ಓದುವುದಿಲ್ಲ.

ಆಮೇಲೆ ನೋಡುವುದು ಆಟದ ಯಾವ ಜಾಗದಲ್ಲಿ ಅಳೆದರು ಎಂಬುದನ್ನು. ಅನೇಕ ಆಟಗಳ ಒಳಗೇ ಬೆಂಚ್‌ಮಾರ್ಕ್, ಅಂದರೆ ವೇಗ ಅಳೆಯುವ ಸಿದ್ಧ ಪರೀಕ್ಷೆ, ಇರುತ್ತದೆ. ಗುಂಡಿ ಒತ್ತಿದರೆ ಕ್ಯಾಮೆರಾ ತಾನೇ ಓಡಾಡಿ ಅಂಕಿ ಕೊಡುತ್ತದೆ. 2018ರ ಶ್ಯಾಡೋ ಆಫ್ ದ ಟೂಂಬ್ ರೈಡರ್‌ನಲ್ಲಿರುವುದು ಒಳ್ಳೆಯ ಮಾದರಿ. ಪ್ರೊಸೆಸರಿನ ಪಾಲೆಷ್ಟು, ಕಾರ್ಡಿನ ಪಾಲೆಷ್ಟು ಎಂದು ಬೇರೆ ಬೇರೆ ತೋರಿಸುತ್ತದೆ. ಸಿದ್ಧ ಬೆಂಚ್‌ಮಾರ್ಕಿನ ಲಾಭವೆಂದರೆ ಪ್ರತಿ ಸಲವೂ ಅದೇ ದಾರಿ. ನಷ್ಟವೆಂದರೆ ಆ ದಾರಿ ಹಲವು ಸಲ ಆಟದ ಅತಿ ಕಷ್ಟದ ಜಾಗವನ್ನು ತಪ್ಪಿಸಿಕೊಂಡು ಹೋಗುತ್ತದೆ. ನೆಂಟರು ಬರುವ ದಿನ ಮುಂದಿನ ಕೋಣೆಯನ್ನು ಮಾತ್ರ ಗುಡಿಸಿದ ಹಾಗೆ.

2023ರ ಆಗಸ್ಟಿನಲ್ಲಿ ಬಂದ ಬಾಲ್ಡರ್ಸ್ ಗೇಟ್ 3ರಲ್ಲಿ ಸಿದ್ಧ ಬೆಂಚ್‌ಮಾರ್ಕ್ ಇಲ್ಲ. ಮೊದಲ ಅಂಕದ ಕಾಡಿನಲ್ಲಿ ಸಾಧಾರಣ ಪ್ರೊಸೆಸರ್ ಕೂಡ ಆರಾಮವಾಗಿ ನಡೆದುಹೋಗುತ್ತದೆ. ಮೂರನೆಯ ಅಂಕದಲ್ಲಿ ನಗರಕ್ಕೆ ಕಾಲಿಟ್ಟರೆ ಬೀದಿ ತುಂಬ ಜನ, ಪ್ರತಿಯೊಬ್ಬರಿಗೂ ಒಂದು ಕೆಲಸ, ಒಂದು ದಾರಿ. ಅವರೆಲ್ಲರ ಲೆಕ್ಕ ಪ್ರೊಸೆಸರಿನ ತಲೆಯ ಮೇಲೆ. ಅಲ್ಲಿ ಅಳೆಯಬೇಕೆಂದು ಒಂದು ಸಂಜೆ ಕೂತೆ. ನಗರದಲ್ಲಿ ಒಂದು ಕಡೆ ಆಟವನ್ನು ಉಳಿಸಿಟ್ಟುಕೊಂಡು, ಅಲ್ಲಿಂದ ಬೀದಿಯ ತುದಿಯವರೆಗೆ ಒಂದು ನಿಮಿಷದ ನಡಿಗೆ ಗೊತ್ತುಮಾಡಿದೆ. ಎಲ್ಲಿ ತಿರುಗಬೇಕು, ಎಲ್ಲಿ ಕ್ಯಾಮೆರಾ ಬಾಗಿಸಬೇಕು ಎಂದು ಹಾಳೆಯ ಮೇಲೆ ಗುರುತು ಹಾಕಿಕೊಂಡೆ. ಮೊದಲ ಓಟವನ್ನು ಎಸೆದೆ. ಹೊಸ ಜಾಗಕ್ಕೆ ಹೋದಾಗ ಆಟವು ಕಡತಗಳನ್ನು ಡಿಸ್ಕಿನಿಂದ ಮೊದಲ ಬಾರಿಗೆ ತರುತ್ತಿರುತ್ತದೆ. ಕೆಲವು ಆಟಗಳು ಬೆಳಕು ನೆರಳಿನ ಪುಟ್ಟ ಕಾರ್ಯಕ್ರಮಗಳಾದ ಶೇಡರುಗಳನ್ನೂ ಆಗಲೇ ತಯಾರಿಸಿಕೊಳ್ಳುತ್ತ ತೊದಲುತ್ತವೆ. ಎರಡನೆಯ ಮತ್ತು ಮೂರನೆಯ ಓಟ ಹೊಂದಿಕೊಂಡವು. ನಾಲ್ಕನೆಯದು ಇದ್ದಕ್ಕಿದ್ದಂತೆ ಕುಸಿಯಿತು. ನೋಡಿದರೆ ಹಿನ್ನೆಲೆಯಲ್ಲಿ ಯಾವುದೋ ತಂತ್ರಾಂಶ ತನ್ನನ್ನು ತಾನೇ ನವೀಕರಿಸಿಕೊಳ್ಳುತ್ತ ಕೂತಿತ್ತು. ಅದನ್ನು ಮುಚ್ಚಿ ಐದನೆಯದನ್ನು ಓಡಿದೆ. ಒಂದು ಆಟ, ಒಂದು ಸೆಟ್ಟಿಂಗ್, ಒಂದು ಯಂತ್ರಕ್ಕೆ ಇಷ್ಟು ಹೊತ್ತು. ಹದಿನೈದು ಕಾರ್ಡು, ಹನ್ನೆರಡು ಆಟ, ಮೂರು ರೆಸಲ್ಯೂಷನ್ ಎಂದರೆ 540 ಅಂಕಿಗಳು. ಒಂದೊಂದಕ್ಕೂ ಮೂರು ಓಟವಾದರೆ ಸಾವಿರದ ಆರುನೂರ ಇಪ್ಪತ್ತು ಸಲ ಅದೇ ಬೀದಿಯಲ್ಲಿ ನಡೆಯಬೇಕು. ಅದರ ನಡುವೆ ಆಟಕ್ಕೆ ಹೊಸ ಪ್ಯಾಚ್ (ತಿದ್ದುಪಡಿ) ಬಂದರೆ ಹಳೆಯ ಅಂಕಿಗಳೆಲ್ಲ ಕಸ. ವಿಮರ್ಶಕರ ಮೇಲೆ ನನಗಿದ್ದ ಅರ್ಧ ಕೋಪ ಆ ಸಂಜೆಯೇ ಇಳಿಯಿತು.

ಬಿಸಿಯ ಮಾತೂ ಇದೆ. ಇಂದಿನ ಕಾರ್ಡುಗಳು ಒಂದೇ ವೇಗದಲ್ಲಿ ಓಡುವುದಿಲ್ಲ. ತಣ್ಣಗಿದ್ದಾಗ ಏರುತ್ತವೆ, ಕಾದಂತೆ ಇಳಿಯುತ್ತವೆ. ವಿಮರ್ಶೆ ನಡೆದದ್ದು ಹವಾನಿಯಂತ್ರಿತ ಕೋಣೆಯಲ್ಲಿ. ನೀವು ಆಡುವುದು ಮೇ ತಿಂಗಳ ಕಲಬುರಗಿಯಲ್ಲಿ, ಹೊರಗೆ ನಲವತ್ತು ಡಿಗ್ರಿ ದಾಟಿರುವಾಗ, ಫ್ಯಾನಿನ ಕೆಳಗೆ. ಮೇಜಿನ ಮೇಲಿನ ದೊಡ್ಡ ಯಂತ್ರದಲ್ಲಿ ಇದರಿಂದ ಆಗುವ ವ್ಯತ್ಯಾಸ ಸಣ್ಣದು, ಲ್ಯಾಪ್‌ಟಾಪಿನಲ್ಲಿ ಸಣ್ಣದಲ್ಲ. ಲ್ಯಾಪ್‌ಟಾಪನ್ನು ಐದು ನಿಮಿಷ ಅಳೆದವರ ಮಾತಿಗೆ ಬೆಲೆ ಕೊಡಬೇಡಿ, ಅರ್ಧ ಗಂಟೆ ಓಡಿಸಿ ಅಳೆದವರನ್ನು ಹುಡುಕಿ. ಹೆಸರಿಗೂ ಮರುಳಾಗಬೇಡಿ. ಲ್ಯಾಪ್‌ಟಾಪಿಗೆ ಬರುವ ಆರ್‌ಟಿಎಕ್ಸ್ 4060 ಚಿಪ್ಪಿಗೆ ತಯಾರಕರು 35 ವಾಟ್‌ನಿಂದ 115 ವಾಟ್‌ವರೆಗೆ ಎಷ್ಟು ಬೇಕಾದರೂ ವಿದ್ಯುತ್ ಕೊಡಬಹುದು. ಡಬ್ಬದ ಮೇಲಿನ ಹೆಸರು ಒಂದೇ, ಒಳಗಿನ ಹಸಿವು ಬೇರೆ ಬೇರೆ.

ಇಷ್ಟು ಹೊತ್ತು ಎಲ್ಲರೂ ಪ್ರಾಮಾಣಿಕರು ಎಂದುಕೊಂಡು ಮಾತಾಡಿದೆ. ಪರೀಕ್ಷೆಯ ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿದ್ದರೆ ಏನಾಗುತ್ತದೆ ಎಂಬುದಕ್ಕೂ ಇತಿಹಾಸವಿದೆ. 2001ರಲ್ಲಿ ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡ್ ಬಂದಾಗ ಎಲ್ಲರೂ ಅಳೆಯುತ್ತಿದ್ದ ಆಟ ಕ್ವೇಕ್ 3. ಯಾರಿಗೋ ಅನುಮಾನ ಬಂದು ಆಟದ ಕಡತದ ಹೆಸರಿನಲ್ಲಿದ್ದ ಕ್ವೇಕ್ ಎಂಬುದನ್ನು ಕ್ವ್ಯಾಕ್ ಎಂದು ಬದಲಾಯಿಸಿ ಓಡಿಸಿದರು. ವೇಗ ಇಳಿಯಿತು, ಚಿತ್ರ ಚೆನ್ನಾಯಿತು! ಡ್ರೈವರ್ ಆಟದ ಹೆಸರನ್ನು ಗುರುತಿಸಿ, ಗೋಡೆ ನೆಲಗಳ ವಿವರವನ್ನು ಸದ್ದಿಲ್ಲದೆ ಕಡಿತ ಮಾಡಿ, ವೇಗ ಗಳಿಸುತ್ತಿತ್ತು. ಎರಡು ವರ್ಷ ಕಳೆದು 2003ರಲ್ಲಿ ಸರದಿ ಎನ್‌ವಿಡಿಯಾದ್ದು. 3ಡಿಮಾರ್ಕ್03 ಎಂಬ ಪರೀಕ್ಷೆಯಲ್ಲಿ ಕ್ಯಾಮೆರಾ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ಮೊದಲೇ ಗೊತ್ತಿದ್ದರಿಂದ, ಅದು ನೋಡದ ಭಾಗಗಳನ್ನು ಬರೆಯದೆ ಬಿಡಲಾಗುತ್ತಿತ್ತು. ಕ್ಯಾಮೆರಾವನ್ನು ದಾರಿಯಿಂದ ಆಚೆ ತಿರುಗಿಸಿದಾಗ ಆಕಾಶ ಹರಿದುಹೋಗಿತ್ತು. ಪರೀಕ್ಷೆ ರೂಪಿಸಿದ ಫ್ಯೂಚರ್‌ಮಾರ್ಕ್ ತನಿಖೆ ಮಾಡಿ ವರದಿ ಹೊರಡಿಸಿತು. ಇದೆಲ್ಲ ಹಳೆಯ ಕಾಲದ ಮಾತಲ್ಲ. 2022ರಲ್ಲಿ ಸ್ಯಾಮ್‌ಸಂಗ್ ಫೋನುಗಳ ಒಂದು ವ್ಯವಸ್ಥೆ ಆಟಗಳ ವೇಗಕ್ಕೆ ಕಡಿವಾಣ ಹಾಕಿ ಬೆಂಚ್‌ಮಾರ್ಕ್ ತಂತ್ರಾಂಶಗಳನ್ನು ಮಾತ್ರ ಬಿಟ್ಟುಬಿಡುತ್ತಿದ್ದುದು ಬಯಲಾದಾಗ, ಗೀಕ್‌ಬೆಂಚ್ ತನ್ನ ಪಟ್ಟಿಯಿಂದ ಗ್ಯಾಲಕ್ಸಿ ಎಸ್ ಸರಣಿಯ ಹಲವು ಫೋನುಗಳನ್ನು ತೆಗೆದುಹಾಕಿತು. ವಿಮರ್ಶಕರು ತಮ್ಮದೇ ಬೀದಿ, ತಮ್ಮದೇ ನಡಿಗೆ ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಯಾರೂ ಊಹಿಸದ ದಾರಿಗೆ ಡ್ರೈವರ್ ಮೊದಲೇ ತಯಾರಾಗಿರುವುದು ಕಷ್ಟ.

ಈಗಿನ ಜಗಳ ಬೇರೆ ರೀತಿಯದ್ದು, ಅದನ್ನು ಮೋಸ ಎನ್ನಲೂ ಬರುವುದಿಲ್ಲ. 2022ರ ಕೊನೆಯಲ್ಲಿ ಎನ್‌ವಿಡಿಯಾ ಫ್ರೇಮ್ ಜನರೇಷನ್ ತಂದಿತು. ಆಟ ನಿಜವಾಗಿ ಬರೆದ ಎರಡು ಚಿತ್ರಗಳ ನಡುವೆ ಕಾರ್ಡ್ ತಾನೇ ಊಹಿಸಿ ಒಂದು ಚಿತ್ರ ಸೇರಿಸುತ್ತದೆ. 2025ರ ತಲೆಮಾರಿನ ಕಾರ್ಡುಗಳು ಒಂದರ ಜಾಗದಲ್ಲಿ ಮೂರು ಸೇರಿಸತೊಡಗಿದವು. 2025ರ ಜನವರಿಯಲ್ಲಿ ಲಾಸ್ ವೇಗಸ್‌ನ ವೇದಿಕೆಯ ಮೇಲೆ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್, 549 ಡಾಲರಿನ ಆರ್‌ಟಿಎಕ್ಸ್ 5070 ಕಾರ್ಡ್ ಹಿಂದಿನ ತಲೆಮಾರಿನ ಅಗ್ರ ಕಾರ್ಡ್ 4090ರ ಸಾಮರ್ಥ್ಯ ಕೊಡುತ್ತದೆ ಎಂದರು. ಆ ಮಾತು ನಿಂತಿದ್ದದ್ದು ಈ ಊಹೆಯ ಚಿತ್ರಗಳ ಮೇಲೆ. ಅವನ್ನು ಬದಿಗಿಟ್ಟು ಅಳೆದ ವಿಮರ್ಶೆಗಳಲ್ಲಿ 5070 ಬಹಳ ಕೆಳಗೇ ಉಳಿಯಿತು.

ಊಹೆಯ ಚಿತ್ರ ಕಣ್ಣಿಗೆ ನಯವಾಗಿಯೇ ಕಾಣುತ್ತದೆ, ಇಲ್ಲವೆನ್ನಲಾರೆ. ಆದರೆ ನಡುವಿನದನ್ನು ಊಹಿಸಬೇಕಾದರೆ ಎರಡೂ ತುದಿಗಳು ಕೈಯಲ್ಲಿರಬೇಕು. ಅಂದರೆ ಹೊಸದಾಗಿ ಬಂದ ನಿಜವಾದ ಚಿತ್ರವನ್ನು ತೋರಿಸದೆ ಸ್ವಲ್ಪ ತಡೆದು ಹಿಡಿಯಬೇಕು. ಆಟ ನಿಮ್ಮ ಮೌಸನ್ನು ಕೇಳಿಸಿಕೊಳ್ಳುವುದು ನಿಜವಾದ ಚಿತ್ರ ಬರೆಯುವಾಗ ಮಾತ್ರ. ಹಾಗಾಗಿ ಸೆಕೆಂಡಿಗೆ ಮೂವತ್ತು ನಿಜ ಚಿತ್ರಗಳಿಂದ ನೂರಾಇಪ್ಪತ್ತು ಮಾಡಿದರೆ, ಪರದೆ ನೂರಾಇಪ್ಪತ್ತರಂತೆ ಹರಿಯುತ್ತದೆ, ಕೈಗೆ ಮೂವತ್ತಕ್ಕಿಂತ ತುಸು ಭಾರವೇ ಎನಿಸುತ್ತದೆ. ಇದನ್ನು ಯಾವ ಎಫ್‌ಪಿಎಸ್ ಅಂಕಿಯೂ ಹೇಳುವುದಿಲ್ಲ. ಪರದೆಯ ಮೇಲೆ ಬೆಳಕಿನ ಸಂವೇದಕ ಅಂಟಿಸಿ, ಮೌಸ್ ಒತ್ತಿದ ಕ್ಷಣದಿಂದ ಬಂದೂಕಿನ ಮಿಂಚು ಕಾಣುವವರೆಗೆ ಎಷ್ಟು ಮಿಲಿಸೆಕೆಂಡ್ ಎಂದು ಬೇರೆಯಾಗಿ ಅಳೆಯಬೇಕು. ಊಹೆಯ ಚಿತ್ರಗಳನ್ನು ನಿಜದ ಚಿತ್ರಗಳ ಜೊತೆ ಒಂದೇ ಗೆರೆಯಲ್ಲಿ ಸೇರಿಸಿ ಹೋಲಿಸುವ ಪಟ್ಟಿಯನ್ನು ನಾನು ಪಕ್ಕಕ್ಕೆ ಸರಿಸುತ್ತೇನೆ, ಅದನ್ನು ಮಾಡಿದವರು ಕಂಪನಿಯವರಾಗಲಿ, ವಿಮರ್ಶಕರಾಗಲಿ.

ಅಂಕಿಗೆ ಕಾಣದ ಇನ್ನೊಂದು ಸಂಗತಿ ಕಾರ್ಡಿನ ಮೆಮೊರಿ. 2023ರಲ್ಲಿ ಆರ್‌ಟಿಎಕ್ಸ್ 4060 ಟಿಐ ಮೊದಲು 8 ಜಿಬಿಯಲ್ಲಿ, ಆಮೇಲೆ 16 ಜಿಬಿಯಲ್ಲಿ ಬಂತು, ಚಿಪ್ ಅದೇ. ಹೆಚ್ಚಿನ ಪಟ್ಟಿಗಳಲ್ಲಿ ಎರಡೂ ಅಕ್ಕಪಕ್ಕ. ಮೆಮೊರಿ ಸಾಲದಾದಾಗ ಕೆಲವು ಆಟಗಳು ತೊದಲುತ್ತವೆ, ಅದು ಅಂಕಿಯಲ್ಲಿ ಸಿಕ್ಕಿಬೀಳುತ್ತದೆ. ಇನ್ನು ಕೆಲವು ಆಟಗಳು ಜಾಣ; ಗೋಡೆ ಬಟ್ಟೆಗಳ ವಿವರವನ್ನು ಮಸುಕು ಮಾಡಿ ವೇಗ ಉಳಿಸಿಕೊಳ್ಳುತ್ತವೆ. ಅಂಕಿ ಒಂದೇ, ಚಿತ್ರ ಒಂದೇ ಅಲ್ಲ. ಅದಕ್ಕೆ ಕಣ್ಣೇ ಬೇಕು.

ಹಲವು ಆಟಗಳನ್ನು ಕೂಡಿಸಿ ಕೊನೆಗೊಂದು ಒಟ್ಟು ಅಂಕಿ ಕೊಡುತ್ತಾರಲ್ಲ, ಅದರಲ್ಲೂ ಎಚ್ಚರ ಬೇಕು. ಒಂದು ಕಾರ್ಡ್ ಹಗುರ ಆಟದಲ್ಲಿ 400, ಭಾರದ ಆಟದಲ್ಲಿ 40 ಕೊಟ್ಟಿತು. ಇನ್ನೊಂದು 440 ಮತ್ತು 30. ಸಾಮಾನ್ಯ ಸರಾಸರಿ 220 ಮತ್ತು 235, ಎರಡನೆಯದೇ ಗೆದ್ದಿತು. ನಾನೂರು ಇದ್ದದ್ದು ನಾನೂರ ನಲವತ್ತಾದರೆ ಯಾರಿಗೆ ಏನು ಸಿಕ್ಕಿತು? ನಲವತ್ತು ಮೂವತ್ತಾದದ್ದು ಮಾತ್ರ ಕೈಗೆ ತಗುಲುತ್ತದೆ. ಜ್ಯಾಮಿತೀಯ ಸರಾಸರಿ (ಎರಡನ್ನೂ ಗುಣಿಸಿ ವರ್ಗಮೂಲ) ತೆಗೆದರೆ ಸುಮಾರು 126 ಮತ್ತು 115, ಫಲಿತಾಂಶ ತಿರುಗುಮುರುಗು. ಒಳ್ಳೆಯ ವಿಮರ್ಶಕರು ಬಳಸುವುದು ಇದನ್ನೇ. ಹೈಸ್ಕೂಲಿನ ಗಣಿತ ಹೀಗೆ ಎಲ್ಲೋ ಬಂದು ಎದುರಾಗುತ್ತದೆ.

ಅಕ್ಕನ ಮಗನ ಎರಡು ಪಟ್ಟಿಗಳ ಮೂಲ ಲೇಖನಗಳನ್ನು ತರಿಸಿಕೊಂಡು ಓದಿದೆ. 112 ಎಂದವರು ಆಟದೊಳಗಿನ ಸಿದ್ಧ ಬೆಂಚ್‌ಮಾರ್ಕ್ ಬಳಸಿದ್ದರು. 94 ಎಂದವರು ಜನ ತುಂಬಿದ ಮಾರುಕಟ್ಟೆಯೊಂದರಲ್ಲಿ ತಾವೇ ನಡೆದಿದ್ದರು, ಪ್ರೊಸೆಸರ್ ಕೂಡ ಒಂದು ತಲೆಮಾರು ಹಳೆಯದು. ಅಷ್ಟೇ ಗುಟ್ಟು. ಅವನಿಗೆ ಹೇಳಿದೆ: ಪರರ ಪಟ್ಟಿ ಸಾಕು, ಪ್ರೆಸೆಂಟ್‌ಮಾನ್ ಹಾಕಿಕೊಂಡು ನಿನ್ನ ಯಂತ್ರವನ್ನೇ ಒಂದು ನಿಮಿಷ ಅಳೆದು ಕಳಿಸು.

ಮರುದಿನ ಸಂಜೆ ಫ್ರೇಮ್ ಸಮಯದ ಗ್ರಾಫ್ ಬಂತು. ಸರಾಸರಿ ಚೆನ್ನಾಗಿಯೇ ಇತ್ತು. ಗೆರೆ ಮಾತ್ರ ಸಪಾಟಾಗಿ ಸಾಗುತ್ತಿದ್ದದ್ದು ಪ್ರತಿ ನಾಲ್ಕೈದು ಸೆಕೆಂಡಿಗೊಮ್ಮೆ ಗೋಪುರದಂತೆ ಮೇಲೇರಿ ಇಳಿಯುತ್ತಿತ್ತು. ಪಕ್ಕದಲ್ಲೇ ಗ್ರಾಫಿಕ್ಸ್ ಕಾರ್ಡಿನ ಬಳಕೆ ಬರೆದುಕೊಂಡಿದ್ದ: ಶೇಕಡಾ ಅರವತ್ತರ ಆಸುಪಾಸು. ಅವನ ಹಳೆಯ ಕಾರ್ಡ್ ಹೆಂಚು ಕಾಯಿಸಿಕೊಂಡು ಉಂಡೆಗಾಗಿ ಕೈ ಚಾಚಿ ಕೂತಿತ್ತು. ಇದನ್ನು ವಿವರಿಸಿದ ಮೇಲೆ ಕಾರ್ಡಿನ ಮಾತು ನಿಂತಿತು. ನಿನ್ನೆ ರಾತ್ರಿ ಮತ್ತೆ ಎರಡು ಚಿತ್ರ ಕಳಿಸಿದ್ದಾನೆ, ಈ ಸಲ ಪ್ರೊಸೆಸರುಗಳದ್ದು. ಒಂದರಲ್ಲಿ 171, ಇನ್ನೊಂದರಲ್ಲಿ 148.